ಚೀನಾಕ್ಕೆ ಹೊಸ ವರ್ಷದ ದಿನ ಹೇಳಿಕೊಟ್ಟ ಪಾದ್ರಿಗಳು

ಧರ್ಮ ಸಾರಲೆಂದು ಹಡಗು ಹತ್ತಿದವರು ಪರದೇಶದ ಪಂಚಾಂಗ ಬರೆಯಲು ಕೂತರು. ಆ ದುಡಿಮೆಗೆ ಸೆರೆಮನೆ ಕಂಡರು, ಸನ್ಮಾನವನ್ನೂ ಕಂಡರು. ಚೀನಾದಲ್ಲಿ ಇಂದು ಆಚರಿಸುವ ಎರಡು ಹೊಸ ವರ್ಷಗಳ ಹಿಂದೆಯೂ ಅವರ ಲೆಕ್ಕವಿದೆ.

1670ರಲ್ಲಿ ಚೀನಾದ ಹೊಸ ವರ್ಷ ಒಂದು ತಿಂಗಳು ಮೊದಲೇ ಬಂತು.

ಸರ್ಕಾರಿ ಪಂಚಾಂಗ ಆಗಲೇ ಅಚ್ಚಾಗಿ, ಮೊಹರು ಬಿದ್ದು, ಊರೂರಿಗೆ ಹಂಚಿಯಾಗಿತ್ತು. ಅದರ ಪ್ರಕಾರ ಹನ್ನೆರಡನೇ ತಿಂಗಳ ನಂತರ ಒಂದು ಅಧಿಕ ಮಾಸ ಬರಬೇಕು, ಅದು ಕಳೆದು ಫೆಬ್ರುವರಿ 20ರ ಸುಮಾರಿಗೆ ಹಬ್ಬ. ಬೀಜಿಂಗಿನಲ್ಲಿದ್ದ ಫ್ಲಾಂಡರ್ಸ್ ನಾಡಿನ ಪಾದ್ರಿ ಫರ್ಡಿನಾಂಡ್ ವೆರ್ಬೀಸ್ಟ್ ಇದನ್ನು ಒಪ್ಪಲಿಲ್ಲ. ಅಲ್ಲಿ ಅಧಿಕ ಮಾಸ ಬರುವುದೇ ಇಲ್ಲ, ಜನವರಿ 21ರಂದೇ ಹೊಸ ವರ್ಷ ಎಂದರು. ಮಂತ್ರಿಗಳಿಗೆ ದಿಗಿಲಾಯಿತು. ಚಕ್ರವರ್ತಿಯ ಹೆಸರಿನಲ್ಲಿ ಹೊರಟ ಪಂಚಾಂಗವನ್ನು ತಪ್ಪೆಂದು ಒಪ್ಪಿಕೊಂಡರೆ ಸಾಮಂತ ರಾಜ್ಯಗಳ ಮುಂದೆ ಮರ್ಯಾದೆ ಏನಾಗಬೇಕು? ಹೇಗಾದರೂ ಹೊಂದಿಸಿಕೊಳ್ಳಿ ಎಂದು ಕೇಳಿಕೊಂಡರು. ಆಕಾಶವನ್ನು ಪಂಚಾಂಗಕ್ಕೆ ತಕ್ಕಂತೆ ತಿದ್ದುವುದು ತಮ್ಮ ಕೈಯಲ್ಲಿಲ್ಲ ಎಂಬ ಅರ್ಥದ ಉತ್ತರ ಕೊಟ್ಟುದಾಗಿ ವೆರ್ಬೀಸ್ಟ್ ಮುಂದೆ ಬರೆದಿಟ್ಟಿದ್ದಾರೆ. ಚಕ್ರವರ್ತಿ ಪಾದ್ರಿಯ ಮಾತನ್ನೇ ಎತ್ತಿಹಿಡಿದ. ಇಡೀ ಸಾಮ್ರಾಜ್ಯದ ಹಬ್ಬ ಹಿಂದಕ್ಕೆ ಬಂತು.

ಹೊರನಾಡಿನಲ್ಲಿ ಸೇವೆಗಿದ್ದ ಮಿಷನರಿಗಳು ಹೊಸ ವರ್ಷವನ್ನು ಹೇಗೆ ಕಳೆದರು ಎಂದು ಹುಡುಕಿದರೆ ಊರಿನ ನೆನಪು, ಕಾಗದಪತ್ರ, ಪ್ರಾರ್ಥನೆಗಳ ಕಥೆಗಳು ಬೇಕಾದಷ್ಟು ಸಿಗುತ್ತವೆ. ಚೀನಾಕ್ಕೆ ಹೋದ ಯೇಸುಸಭೆಯ ಪಾದ್ರಿಗಳ ಕಥೆ ಇವುಗಳಿಂದ ಬೇರೆ. ಅವರು ಆ ನಾಡಿನ ಹಬ್ಬದ ಹೊರಗೆ ನಿಂತು ನೋಡಲಿಲ್ಲ. ಅದರ ದಿನ ಗೊತ್ತುಮಾಡುವ ಜವಾಬ್ದಾರಿಯನ್ನೇ ಹೊತ್ತರು.

ಗೋವಾದಿಂದ ನಾನ್‌ಜಿಂಗ್‌ವರೆಗೆ

ಈ ಕಥೆ ನಮ್ಮ ಪಕ್ಕದ ಕರಾವಳಿಯನ್ನೂ ಹಾದುಹೋಗುತ್ತದೆ. ಇಟಲಿಯ ಮಾಚೆರಾತ ಊರಿನ ಮತ್ತೇವೊ ರಿಚ್ಚಿ 1578ರ ಸೆಪ್ಟೆಂಬರಿನಲ್ಲಿ ಲಿಸ್ಬನ್ನಿನಿಂದ ಗೋವಾಕ್ಕೆ ಬಂದಿಳಿದರು. ಗೋವಾ, ಕೊಚ್ಚಿಗಳಲ್ಲಿ ಓದು, ಪಾಠ ನಡೆಸಿ, 1580ರಲ್ಲಿ ಕೊಚ್ಚಿಯಲ್ಲಿ ಗುರುದೀಕ್ಷೆ ಪಡೆದು, 1582ರಲ್ಲಿ ಮಕಾವ್‌ಗೆ ಹೊರಟರು. ಅದೇ ವರ್ಷ ಅಕ್ಟೋಬರಿನಲ್ಲಿ ಯುರೋಪಿನ ಕೆಲವು ಕ್ಯಾಥೊಲಿಕ್ ದೇಶಗಳು ಹಳೆಯ ಜೂಲಿಯನ್ ಕ್ಯಾಲೆಂಡರನ್ನು ಬಿಟ್ಟು ಗ್ರೆಗೊರಿಯನ್ ಕ್ಯಾಲೆಂಡರಿಗೆ ಬಂದವು. ಅಕ್ಟೋಬರ್ 4ರ ಮರುದಿನ 15 ಎಂದಾಯಿತು. ಆ ಸುಧಾರಣೆಯ ಮಂಡಳಿಯಲ್ಲಿದ್ದ ಪ್ರಮುಖ ಗಣಿತಜ್ಞ ಕ್ರಿಸ್ಟೋಫರ್ ಕ್ಲಾವಿಯಸ್. ರೋಮಿನ ಕಾಲೇಜಿನಲ್ಲಿ ರಿಚ್ಚಿಗೆ ಪಾಠ ಹೇಳಿದ ಗುರು ಅವರೇ. ಜನವರಿ 1 ಯಾವ ದಿನ ಬೀಳಬೇಕೆಂದು ಗುರು ರೋಮಿನಲ್ಲಿ ಗೊತ್ತುಮಾಡಿದ ಲೆಕ್ಕ ಜಾರಿಗೆ ಬಂದಾಗ, ಶಿಷ್ಯ ಮಕಾವ್‌ನಲ್ಲಿ ಕೂತು ಚೀನೀ ಅಕ್ಷರಾಭ್ಯಾಸ ಮಾಡುತ್ತಿದ್ದರು.

ಯೇಸುಸಭೆಯವರಿಗೆ ಜನವರಿ 1 ಎಂದರೆ ಕ್ಯಾಲೆಂಡರ್ ಬದಲಾಗುವ ದಿನ ಮಾತ್ರ ಆಗಿರಲಿಲ್ಲ. ಕ್ರಿಸ್ತ ಹುಟ್ಟಿದ ಎಂಟನೆಯ ದಿನ, ಮಗುವಿಗೆ ಯೇಸು ಎಂದು ಹೆಸರಿಟ್ಟ ದಿನ ಅದು. ಆ ಹೆಸರನ್ನೇ ಹೊತ್ತ ಸಭೆಗೆ ಅದು ವರ್ಷದ ದೊಡ್ಡ ಹಬ್ಬ. ಚೀನಾದಲ್ಲಿ ಅದೇ ದಿನ ಚಳಿಗಾಲದ ಯಾವುದೋ ಒಂದು ಮಾಮೂಲಿ ದಿನ. ಅಂಗಡಿ ತೆರೆದಿರುತ್ತಿತ್ತು, ಕಚೇರಿ ನಡೆಯುತ್ತಿತ್ತು. ಬೀದಿಯಲ್ಲಿ ಹಬ್ಬ ಕಾಣಬೇಕಾದರೆ ಅಮಾವಾಸ್ಯೆಯೊಂದಕ್ಕೆ ಕಾಯಬೇಕು. ಜನವರಿ 21ರಿಂದ ಫೆಬ್ರುವರಿ 20ರ ಒಳಗೆ ಯಾವಾಗಲಾದರೂ ಅದು ಬಂದೀತು.

ಬಂದಾಗ ಮಾತ್ರ ಅದರ ಅಬ್ಬರ ನೋಡುವಂಥದ್ದು. ನಾನ್‌ಜಿಂಗ್‌ನಲ್ಲಿ ಹೊಸ ವರ್ಷದ ಮೊದಲ ತಿಂಗಳ ಸಿಡಿಮದ್ದು ಕಂಡ ರಿಚ್ಚಿ ಬೆರಗಾಗಿ ಬರೆದಿದ್ದಾರೆ. ಆ ಒಂದು ಹಬ್ಬಕ್ಕೆ ಸುಟ್ಟ ಮದ್ದು ವರ್ಷಗಟ್ಟಲೆ ಯುದ್ಧ ನಡೆಸಲು ಸಾಕಾಗುತ್ತಿತ್ತು ಎಂಬುದು ಅವರ ಅಂದಾಜು. ಯುರೋಪಿನಲ್ಲಿ ಮದ್ದೆಂದರೆ ತೋಪು, ಕೋಟೆ, ಸಾವು. ಇಲ್ಲಿ ಅದು ಮಕ್ಕಳ ನಗು. ಮದ್ದನ್ನು ಯುದ್ಧಕ್ಕಿಂತ ಹೆಚ್ಚಾಗಿ ಹಬ್ಬಕ್ಕೆ ಬಳಸುವ ಜನರ ಮೇಲೆ ರಿಚ್ಚಿಗೆ ಮೂಡಿದ ಗೌರವ ಅವರ ಬರಹದಲ್ಲಿ ಕಾಣುತ್ತದೆ.

1601ರ ಜನವರಿ 24ರಂದು ಅವರು ಬೀಜಿಂಗ್ ಹೊಕ್ಕರು. ಚೀನೀ ಹೊಸ ವರ್ಷಕ್ಕೆ ಆಗ ಹದಿನೈದು ದಿನವೂ ಉಳಿದಿರಲಿಲ್ಲ. ವಾನ್‌ಲಿ ಚಕ್ರವರ್ತಿಗೆ ತಂದ ಕಾಣಿಕೆಗಳಲ್ಲಿ ತಾನಾಗಿ ಗಂಟೆ ಬಾರಿಸುವ ಗಡಿಯಾರಗಳಿದ್ದವು, ತಂತಿವಾದ್ಯವೊಂದಿತ್ತು. ಗಡಿಯಾರಕ್ಕೆ ಕೀಲಿ ಕೊಡುವುದನ್ನು ಕಲಿಯಲು ಅರಮನೆಯ ಸೇವಕರು ನೇಮಕವಾದರು. ಚಕ್ರವರ್ತಿ ರಿಚ್ಚಿಗೆ ಮುಖಾಮುಖಿ ಸಿಗಲೇ ಇಲ್ಲ. ಆದರೂ ಗಡಿಯಾರ ಕೆಟ್ಟರೆ ಇವರು ಬೇಕು ಎಂಬ ಕಾರಣಕ್ಕೆ ಪಾದ್ರಿಗಳಿಗೆ ರಾಜಧಾನಿಯಲ್ಲಿ ನೆಲೆ ಸಿಕ್ಕಿತು.

ಹೊಸದಾಗಿ ಕ್ರೈಸ್ತರಾದ ಮನೆಗಳಿಗೆ ಬೇರೊಂದು ತೊಡಕು ಎದುರಾಯಿತು. ಏಳು ದಿನಕ್ಕೊಮ್ಮೆ ಬರುವ ಭಾನುವಾರದ ಬಿಡುವು ಚೀನಾದ ಬದುಕಿನಲ್ಲಿ ಇರಲೇ ಇಲ್ಲ. ಈಸ್ಟರ್ ಯಾವಾಗ, ಉಪವಾಸ ಯಾವತ್ತು ಎಂದು ರೈತನಿಗೆ ತಿಳಿಯುವುದು ಹೇಗೆ? ಪಾದ್ರಿಗಳು ಭಾನುವಾರ ಮತ್ತು ಹಬ್ಬಗಳನ್ನು ಚೀನೀ ತಿಂಗಳು, ತಿಥಿಗಳಿಗೆ ಕೂಡಿಸಿ ವರ್ಷಕ್ಕೊಂದು ಹಾಳೆ ಅಚ್ಚು ಹಾಕಿಸಿ ಹಂಚತೊಡಗಿದರು. ಮನೆಯ ಗೋಡೆಯ ಮೇಲೆ ಹೀಗೆ ಎರಡು ಕಾಲಗಣನೆಗಳು ಒಟ್ಟಿಗೆ ಬಾಳತೊಡಗಿದವು.

ಪಂಚಾಂಗವೇ ರಾಜಮುದ್ರೆ

ನಮ್ಮಲ್ಲಿ ಪಂಚಾಂಗ ಭೇದ ಹೊಸತೇನಲ್ಲ. ಒಂದೇ ಊರಿನಲ್ಲಿ ಒಂದು ಮಠ ಇಂದು ಏಕಾದಶಿ ಎಂದರೆ ಇನ್ನೊಂದು ನಾಳೆ ಎನ್ನುತ್ತದೆ. ಚಾಂದ್ರಮಾನದವರಿಗೆ ಒಂದು ಯುಗಾದಿ, ಸೌರಮಾನದವರಿಗೆ ಇನ್ನೊಂದು. ಯಾರೂ ಯಾರ ತಲೆಯನ್ನೂ ತೆಗೆಯುವುದಿಲ್ಲ. ಚೀನಾದಲ್ಲಿ ಹಾಗಿರಲಿಲ್ಲ. ಅಲ್ಲಿ ಪಂಚಾಂಗ ಹೊರಡಿಸುವ ಹಕ್ಕು ಚಕ್ರವರ್ತಿಯೊಬ್ಬನದು. ಅವನು ಆಕಾಶದ ಮಗ, ಆಕಾಶದ ನಡೆಯನ್ನು ಪ್ರಜೆಗಳಿಗೆ ತಿಳಿಸುವವನು. ಒಂದು ರಾಜ್ಯ ಅವನ ಪಂಚಾಂಗ ಸ್ವೀಕರಿಸಿತು ಎಂದರೆ ಅವನಿಗೆ ತಲೆಬಾಗಿತು ಎಂದೇ ಅರ್ಥ. ಮಿಂಗ್ ಕಾಲದ ಪಂಚಾಂಗದ ಮೇಲೆ ಎಚ್ಚರಿಕೆಯೊಂದು ಅಚ್ಚಾಗಿರುತ್ತಿತ್ತು: ನಕಲಿ ಮಾಡಿದವನಿಗೆ ಶಿರಚ್ಛೇದ, ಹಿಡಿದುಕೊಟ್ಟವನಿಗೆ ಬೆಳ್ಳಿಯ ಬಹುಮಾನ. ಮುಂದೆ ಚಿಂಗ್ ಕಾಲದಲ್ಲಿ ಹತ್ತನೇ ತಿಂಗಳ ಮೊದಲ ದಿನ ಅರಮನೆಯ ದಕ್ಷಿಣ ಮಹಾದ್ವಾರದಲ್ಲಿ ಬರುವ ವರ್ಷದ ಪಂಚಾಂಗ ಬಿಡುಗಡೆಯಾಗುತ್ತಿತ್ತು. ಹೊಸ ವರ್ಷದ ಸಡಗರ ನಿಜವಾಗಿ ಅಲ್ಲಿಂದಲೇ ಮೊದಲು.

ಇಂಥ ಪಂಚಾಂಗವೇ ಹಾದಿ ತಪ್ಪಿತ್ತು. ಮಿಂಗರ ಲೆಕ್ಕ 1281ರ ಗುವೊ ಶೌಜಿಂಗ್ ಪದ್ಧತಿಯನ್ನು ನೆಚ್ಚಿತ್ತು. ತನ್ನ ಕಾಲಕ್ಕೆ ಅದು ಅದ್ಭುತವಾದ ಕೆಲಸ. ಮೂರು ಶತಮಾನ ಕಳೆದಾಗ ಗ್ರಹಣಗಳು ಹೇಳಿದ ಹೊತ್ತಿಗೆ ಹಿಡಿಯದಾದವು. ಇದನ್ನು ಗಮನಿಸಿದ ರಿಚ್ಚಿ, ಒಳ್ಳೆಯ ಖಗೋಳಜ್ಞರನ್ನು ಕಳಿಸಿ ಎಂದು 1605ರಲ್ಲಿ ರೋಮಿಗೆ ಬರೆದರು. 1610ರಲ್ಲಿ ಅವರು ಬೀಜಿಂಗಿನಲ್ಲೇ ತೀರಿಕೊಂಡರು. ಅವರ ಕೋರಿಕೆ ಮಾತ್ರ ಫಲಿಸಿತು.

ಹಾಗೆ ಬಂದವರಲ್ಲಿ ಯೊಹಾನ್ ಷ್ರೆಕ್ ಒಬ್ಬರು. ಗೆಲಿಲಿಯೊ ಇದ್ದ ವಿದ್ವತ್ಸಭೆಯ ಸದಸ್ಯರಾಗಿದ್ದವರು. ಗ್ರಹಣ ಲೆಕ್ಕ ಹಾಕುವ ಉತ್ತಮ ವಿಧಾನಕ್ಕಾಗಿ ಚೀನಾದಿಂದ ಅವರು ಬರೆದ ಪತ್ರ ಯೊಹಾನೆಸ್ ಕೆಪ್ಲರ್ ಕೈಸೇರಿತು. ಕೆಪ್ಲರ್ ಪ್ರಶ್ನೆಗಳಿಗೆಲ್ಲ ಉತ್ತರ ಬರೆದರು, 1630ರಲ್ಲಿ ಅದನ್ನು ಅಚ್ಚು ಹಾಕಿಸಿದರು. ಅದೇ ವರ್ಷ ಷ್ರೆಕ್ ಬೀಜಿಂಗಿನಲ್ಲಿ ಕಣ್ಣುಮುಚ್ಚಿದರು. ಪ್ರಶ್ನೆ ಕೇಳಿ ಉತ್ತರ ಪಡೆಯಲು ವರ್ಷಗಳೇ ಹಿಡಿಯುತ್ತಿದ್ದ ಕಾಲದಲ್ಲಿ, ಇನ್ನೊಂದು ದೇಶದ ಹಬ್ಬ ಹುಣ್ಣಿಮೆಗಳು ಸರಿಯಾಗಿ ಬರಲಿ ಎಂದು ಹೀಗೆ ಜೀವ ತೇಯ್ದವರಿದ್ದರು.

ಚೀನಾದ ಕಡೆಯಿಂದ ಈ ಕೆಲಸಕ್ಕೆ ಬೆನ್ನೆಲುಬಾಗಿ ನಿಂತವರು ಷು ಗ್ವಾಂಗ್‌ಚಿ. ರಿಚ್ಚಿಯೊಡನೆ ಕೂತು ಯೂಕ್ಲಿಡ್‌ನ ರೇಖಾಗಣಿತದ ಮೊದಲ ಆರು ಭಾಗಗಳನ್ನು ಚೀನೀ ಭಾಷೆಗೆ ತಂದ ಪಂಡಿತ ಮಂತ್ರಿ. 1629ರ ಜೂನ್ 21ರ ಸೂರ್ಯಗ್ರಹಣದಲ್ಲಿ ಹಳೆಯ ಲೆಕ್ಕ ಸೋತು ಹೊಸ ಲೆಕ್ಕ ಗೆದ್ದಿತು. ಪಂಚಾಂಗ ಸುಧಾರಣೆಗೆಂದೇ ಒಂದು ಕಚೇರಿ ತೆರೆಯಿತು. ಷು ಇಲ್ಲದೆ, ಅವರು ಕೂಡಿಸಿದ ಚೀನೀ ಗಣಿತಜ್ಞರಿಲ್ಲದೆ ಪಾದ್ರಿಗಳ ಲೆಕ್ಕ ಹಾಳೆಯ ಮೇಲೇ ಉಳಿಯುತ್ತಿತ್ತು. ಇದನ್ನು ಮರೆತು ಈ ಕಥೆ ಹೇಳುವುದು ಅನ್ಯಾಯ.

ಮುಹೂರ್ತದ ಇಕ್ಕಟ್ಟು

1644ರಲ್ಲಿ ಮಿಂಗ್ ವಂಶ ಬಿದ್ದು ಮಂಚು ಜನ ಬೀಜಿಂಗ್ ಹಿಡಿದರು. ಊರು ಹೊತ್ತಿ ಉರಿಯುವಾಗಲೂ ಕಲೋನ್ ನಗರದ ಪಾದ್ರಿ ಆಡಮ್ ಶಾಲ್ ಅಲ್ಲೇ ಉಳಿದರು. ಆ ಸೆಪ್ಟೆಂಬರ್ 1ರ ಗ್ರಹಣವನ್ನು ಎಲ್ಲರಿಗಿಂತ ಕರಾರುವಾಕ್ಕಾಗಿ ಹೇಳಿದ್ದೂ ಅವರೇ. ಹೊಸ ಅರಸರು 1645ರಿಂದ ಅವರ ಲೆಕ್ಕದ ಪಂಚಾಂಗ ಹೊರಡಿಸಿದರು, ಖಗೋಳ ಇಲಾಖೆಯನ್ನು ಅವರ ಕೈಗೊಪ್ಪಿಸಿದರು. ಎಳೆಯ ಚಕ್ರವರ್ತಿ ಶುನ್‌ಝಿ ಶಾಲ್ ಅವರನ್ನು ಮಂಚು ಮಾತಿನಲ್ಲಿ ‘ಮಾಫಾ’, ಅಂದರೆ ಅಜ್ಜ, ಎಂದೇ ಕರೆಯುತ್ತಿದ್ದ. ಅರಮನೆಯ ಕಟ್ಟುಪಾಡು ಬದಿಗಿಟ್ಟು ಮತ್ತೆ ಮತ್ತೆ ಅವರ ಮನೆಗೆ ಹೋಗಿ ಕೂರುತ್ತಿದ್ದ.

ಈ ಗೌರವದ ಜೊತೆಗೇ ಒಂದು ಸಂಕಟವೂ ಬಂತು. ಚೀನೀ ಪಂಚಾಂಗದಲ್ಲಿ ಬರೀ ತಿಥಿಗಳಿರುವುದಿಲ್ಲ. ಮದುವೆಗೆ ಯಾವ ದಿನ ಒಳ್ಳೆಯದು, ತಲೆಕೂದಲು ತೆಗೆಸಲು ಯಾವ ದಿನ ಕೂಡದು, ಪ್ರಯಾಣಕ್ಕೆ ಯಾವ ದಿಕ್ಕು ವರ್ಜ್ಯ ಎಂಬುದೆಲ್ಲ ಇರುತ್ತದೆ. ರಾಹುಕಾಲ, ಗುಳಿಕಕಾಲ ನೋಡಿ ಬೆಳೆದ ನಮಗೆ ಇದು ಹೇಳಿಕೊಡಬೇಕಾದ ಸಂಗತಿಯಲ್ಲ. ಅಂಥ ಪುಸ್ತಕಕ್ಕೆ ಒಬ್ಬ ಕ್ರೈಸ್ತ ಗುರು ಹೊಣೆಗಾರನಾಗಬಹುದೇ? ಶಾಲ್ ಅವರ ಸ್ವಂತ ಸಂಗಡಿಗರೇ ಕೂಡದು ಎಂದರು, ದೂರು ರೋಮಿನ ತನಕ ಹೋಯಿತು. ಗ್ರಹಗತಿಯ ಲೆಕ್ಕ ಮಾತ್ರ ನನ್ನದು, ಶುಭಾಶುಭ ಹೇಳುವುದು ಇಲಾಖೆಯ ಬೇರೆ ವಿಭಾಗದ ಕೆಲಸ ಎಂಬುದು ಶಾಲ್ ಸಮಜಾಯಿಷಿ. ವರ್ಷಗಟ್ಟಲೆ ಚರ್ಚಿಸಿದ ಮೇಲೆ ರೋಮ್ ಅನುಮತಿ ಕೊಟ್ಟಿತು. ಎರಡೂ ಕಡೆಯವರ ಕಳವಳ ಪ್ರಾಮಾಣಿಕವಾದದ್ದು. ಇನ್ನೊಬ್ಬರ ಮನೆಯ ಹಬ್ಬದಲ್ಲಿ ಕೈಜೋಡಿಸಿದವರಿಗೆ ಎಲ್ಲಿಯವರೆಗೆ ಎಂಬ ಪ್ರಶ್ನೆ ತಪ್ಪಿದ್ದಲ್ಲ.

1661ರ ಹೊಸ ವರ್ಷ ಕತ್ತಲೆ ತಂದಿತು. ಮೊದಲ ತಿಂಗಳ ಏಳನೇ ದಿನ, ಊರಿಗೆ ಊರೇ ಹಬ್ಬದಲ್ಲಿರಬೇಕಾದ ಹೊತ್ತಿಗೆ, ಶುನ್‌ಝಿ ಸಿಡುಬಿನಿಂದ ತೀರಿಕೊಂಡ. ಸಿಡುಬು ಬಂದು ಗುಣವಾದ ಮಗನನ್ನೇ ಪಟ್ಟಕ್ಕೆ ತನ್ನಿ, ಅವನಿಗೆ ಆ ಕಾಯಿಲೆ ಮತ್ತೆ ತಗಲದು ಎಂದು ಸಲಹೆ ಕೊಟ್ಟವರು ಶಾಲ್. ಹಾಗೆ ಪಟ್ಟಕ್ಕೆ ಬಂದ ಬಾಲಕನೇ ಕಾಂಗ್‌ಶಿ.

ಬಾಲಕನ ಹೆಸರಿನಲ್ಲಿ ಆಳುತ್ತಿದ್ದ ಮಂತ್ರಿಗಳಿಗೆ ಪಾದ್ರಿಗಳು ಬೇಡವಾಗಿದ್ದರು. ಯಾಂಗ್ ಗ್ವಾಂಗ್‌ಶಿಯಾನ್ ಎಂಬ ವಿದ್ವಾಂಸ 1664ರಲ್ಲಿ ದೂರು ಕೊಟ್ಟ. ಪಂಚಾಂಗದ ಮೇಲೆ ಪಶ್ಚಿಮದ ಹೊಸ ಪದ್ಧತಿಯಂತೆ ಎಂದು ಅಚ್ಚು ಹಾಕಿ ದೇಶವನ್ನು ಪರದೇಶಿಗಳಿಗೆ ಒಪ್ಪಿಸಿದ್ದಾರೆ ಎಂಬುದು ಒಂದು ಆರೋಪ. ರಾಜಕುಮಾರನೊಬ್ಬನ ಸಮಾಧಿಗೆ ಕೆಟ್ಟ ಮುಹೂರ್ತ ಕೊಟ್ಟು ರಾಜಮನೆತನಕ್ಕೆ ಕೇಡು ತಂದರು ಎಂಬುದು ಇನ್ನೊಂದು. ಸಂಗಡಿಗರು ಅಂಜಿದ್ದ ಮುಹೂರ್ತವೇ ಕೊರಳಿಗೆ ಬಂತು. ಶಾಲ್ ಅಷ್ಟರಲ್ಲಿ ಪಾರ್ಶ್ವವಾಯು ಬಡಿದು ನಾಲಿಗೆ ತೊದಲುತ್ತಿದ್ದ ಮುದುಕ. ಅವರ ಪರವಾಗಿ ವಿಚಾರಣೆಯಲ್ಲಿ ಮಾತಾಡಿದವರು ವೆರ್ಬೀಸ್ಟ್. 1665ರ ಏಪ್ರಿಲಿನಲ್ಲಿ ಶಾಲ್‌ಗೆ ಅತಿ ಕ್ರೂರವಾದ ಮರಣದಂಡನೆ ಗೊತ್ತಾಯಿತು. ಅಷ್ಟರಲ್ಲಿ ಬೀಜಿಂಗ್ ನಡುಗಿತು. ಭೂಕಂಪವನ್ನು ಆಕಾಶದ ಅಸಮಾಧಾನವೆಂದು ಬಗೆದು ದಂಡನೆ ನಿಲ್ಲಿಸಿದರು. ಇಲಾಖೆಯಲ್ಲಿದ್ದ ಐವರು ಚೀನೀ ಕ್ರೈಸ್ತ ಖಗೋಳಜ್ಞರಿಗೆ ಮಾತ್ರ ಆ ಕ್ಷಮೆ ಸಿಗಲಿಲ್ಲ, ಅವರ ತಲೆ ಹೋಯಿತು. ಇಲಾಖೆ ಯಾಂಗ್ ಕೈಗೆ ಹೋಯಿತು, ಪಂಚಾಂಗ ಹಳೆಯ ಲೆಕ್ಕಕ್ಕೆ ಮರಳಿತು. ಮರುವರ್ಷ ಶಾಲ್ ಕೊನೆಯುಸಿರೆಳೆದರು.

ಬೀಜಿಂಗಿನಲ್ಲಿ ಕೆಲವರನ್ನು ಉಳಿಸಿಕೊಂಡು ಬೇರೆ ಊರುಗಳ ಪಾದ್ರಿಗಳನ್ನೆಲ್ಲ ಹಿಡಿದು ಕ್ಯಾಂಟನ್‌ನಲ್ಲಿ ಗೃಹಬಂಧನದಲ್ಲಿಟ್ಟರು. ಒಂದೇ ಮನೆಯೊಳಗೆ ಯೇಸುಸಭೆಯವರು, ಡೊಮಿನಿಕನ್ನರು, ಒಬ್ಬ ಫ್ರಾನ್ಸಿಸ್ಕನ್. ವರ್ಷಗಳೇ ಉರುಳಿದವು. ಆ ಬಂಧನದಲ್ಲೇ ಅವರು 1667ರ ಡಿಸೆಂಬರ್ 18ರಿಂದ 1668ರ ಜನವರಿ 26ರವರೆಗೆ ದೀರ್ಘ ಸಮಾಲೋಚನೆ ನಡೆಸಿದರು. ಕ್ರಿಸ್ಮಸ್, ಜನವರಿ 1 ಎರಡೂ ಅದರ ನಡುವೆಯೇ ಬಂದು ಹೋದವು. ಚೀನೀ ಕ್ರೈಸ್ತರು ಹಿರಿಯರಿಗೆ ಧೂಪ ಹಾಕಿ ಕೈಮುಗಿಯಬಹುದೇ ಎಂಬುದೂ ಅಲ್ಲಿ ಚರ್ಚೆಯಾಯಿತು. ತಾವೇ ಸೆರೆಯಲ್ಲಿದ್ದಾಗಲೂ ಆ ನಾಡಿನ ಮನೆಗಳ ಹಬ್ಬ ಅವರ ಚಿಂತೆಯಾಗಿತ್ತು.

ಹಬ್ಬದ ಮೂರನೇ ದಿನದ ಪರೀಕ್ಷೆ

1668ರ ಕ್ರಿಸ್ಮಸ್ ಕಳೆಯುತ್ತಿದ್ದಂತೆ ಗಾಳಿ ತಿರುಗಿತು. ಹದಿನಾಲ್ಕರ ಹುಡುಗ ಕಾಂಗ್‌ಶಿಗೆ ತನ್ನ ಹೆಸರಿನ ಪಂಚಾಂಗ ಸರಿಯೋ ತಪ್ಪೋ ಎಂದು ತಾನೇ ತಿಳಿಯಬೇಕಿತ್ತು. ಪರೀಕ್ಷೆ ಸರಳ. ನೆಟ್ಟ ಕಂಬದ ನೆರಳು ನಾಳೆ ನಡುಹಗಲಲ್ಲಿ ಎಷ್ಟು ಉದ್ದ ಬೀಳುತ್ತದೆ ಎಂದು ಮೊದಲೇ ಹೇಳಬೇಕು. ಡಿಸೆಂಬರ್ 27, 28, 29 ಮೂರೂ ದಿನ ವೆರ್ಬೀಸ್ಟ್ ಗುರುತು ಹಾಕಿದಲ್ಲಿಗೆ ನೆರಳು ಬಂತು. ಎದುರಾಳಿಗಳು ಲೆಕ್ಕ ಕೊಡಲಾಗದೆ ಕೈಚೆಲ್ಲಿದರು. ಆ ವರ್ಷ ಬೀಜಿಂಗಿನ ಪಾದ್ರಿಗಳು ಜನವರಿ 1ನ್ನು ಕಂಡದ್ದು ಮೂರು ದಿನದ ಹಿಂದಷ್ಟೇ ಸಿಕ್ಕ ಈ ಗೆಲುವಿನೊಂದಿಗೆ.

ಇಷ್ಟಕ್ಕೇ ಮುಗಿಯಲಿಲ್ಲ. 1669ರ ಚೀನೀ ಹೊಸ ವರ್ಷ ಫೆಬ್ರುವರಿ 1ರಂದು. ಮೂರನೇ ದಿನವೇ ವಸಂತಾರಂಭದ ಸೌರಬಿಂದು. ಹಬ್ಬದ ನಡುವೆಯೇ ಇಪ್ಪತ್ತು ಮಂದಿ ಉನ್ನತ ಅಧಿಕಾರಿಗಳು ವೀಕ್ಷಣಾಲಯಕ್ಕೆ ಬಂದು ವೆರ್ಬೀಸ್ಟ್ ಲೆಕ್ಕವನ್ನು ಆಕಾಶಕ್ಕೆ ಹಿಡಿದು ನೋಡಿದರು. ಸೂರ್ಯ, ಚಂದ್ರ, ಗ್ರಹಗಳು ಹೇಳಿದ ಜಾಗದಲ್ಲೇ ಇದ್ದವು. ವೆರ್ಬೀಸ್ಟ್‌ಗೆ ಇಲಾಖೆಯ ಹೊಣೆ ಬಂತು, ಯಾಂಗ್ ಹುದ್ದೆ ಕಳೆದುಕೊಂಡ. ಶಾಲ್ ಹೆಸರಿಗೆ ಹತ್ತಿದ ಕಳಂಕ ತೊಡೆದು ರಾಜಮರ್ಯಾದೆ ಸಂದಿತು. ಕ್ಯಾಂಟನ್‌ನಲ್ಲಿದ್ದವರು 1671ರಲ್ಲಿ ತಂತಮ್ಮ ಊರುಗಳಿಗೆ ಮರಳಿದರು.

ಇನ್ನು ಆ ಅಧಿಕ ಮಾಸ. ನಮ್ಮ ಪಂಚಾಂಗದಲ್ಲಿ ಸಂಕ್ರಮಣವಿಲ್ಲದ ಚಾಂದ್ರಮಾಸ ಅಧಿಕ. ಚೀನಾದ ಸೂತ್ರವೂ ಇದೇ ಜಾಡಿನದು: ಸೂರ್ಯಪಥದ ಹನ್ನೆರಡು ಮುಖ್ಯ ಬಿಂದುಗಳಲ್ಲಿ ಯಾವುದೂ ಬೀಳದ ತಿಂಗಳು ಅಧಿಕ. ಹಳೆಯ ಲೆಕ್ಕದಲ್ಲಿ ಸೂರ್ಯ ವರ್ಷವಿಡೀ ಒಂದೇ ವೇಗದಲ್ಲಿ ನಡೆಯುತ್ತಾನೆ ಎಂಬಂತೆ ಈ ಬಿಂದುಗಳನ್ನು ಸಮಾನ ಅಂತರದಲ್ಲಿ ಇಡುತ್ತಿದ್ದರು. ನಿಜದಲ್ಲಿ ಡಿಸೆಂಬರ್ ಕೊನೆ, ಜನವರಿ ಆರಂಭದ ಹೊತ್ತಿಗೆ ಭೂಮಿ ಸೂರ್ಯನಿಗೆ ಹತ್ತಿರವಾಗಿರುತ್ತದೆ, ಬೇಗ ಸಾಗುತ್ತದೆ. ಹೀಗಾಗಿ ಮೊದಲ ತಿಂಗಳಿಗೆ ಸೇರಿದ ಯೂಷುಯಿ ಎಂಬ ಬಿಂದು ಹಳೆಯ ಲೆಕ್ಕಕ್ಕಿಂತ ಒಂದೆರಡು ದಿನ ಮೊದಲೇ ಬರುತ್ತದೆ. ಹಳಬರು ಅಧಿಕವೆಂದು ಬಿಟ್ಟ ತಿಂಗಳ 29ನೇ ದಿನವೇ ಅದು ಬಿದ್ದಿತ್ತು. ಬಿಂದು ಬಿದ್ದ ಮೇಲೆ ಅದು ಅಧಿಕವಲ್ಲ, ಹೊಸ ವರ್ಷದ ಮೊದಲ ತಿಂಗಳು. ಎರಡು ದಿನದ ವ್ಯತ್ಯಾಸಕ್ಕೆ ಕೋಟ್ಯಂತರ ಜನರ ಹಬ್ಬ ಒಂದು ತಿಂಗಳು ಸರಿಯಿತು.

ವೆರ್ಬೀಸ್ಟ್ ಎರಕ ಹೊಯ್ಸಿದ ಆರು ದೊಡ್ಡ ಖಗೋಳ ಯಂತ್ರಗಳು ಬೀಜಿಂಗಿನ ಹಳೆಯ ವೀಕ್ಷಣಾಲಯದ ಮಾಳಿಗೆಯ ಮೇಲೆ ಇಂದಿಗೂ ನಿಂತಿವೆ. ಯಂತ್ರದ ವಿನ್ಯಾಸ ಯುರೋಪಿನದು, ಹೊತ್ತು ನಿಂತ ಕಂಚಿನ ಡ್ರ್ಯಾಗನ್‌ಗಳು ಚೀನಾದವು.

ಹಿರಿಯರ ಮುಂದಿನ ಧೂಪ

ದಿನ ಗೊತ್ತುಮಾಡುವುದು ಗಣಿತದ ಕೆಲಸ. ಹಬ್ಬದ ದಿನ ಮನೆಯೊಳಗೆ ಏನು ಮಾಡಬಹುದು ಎಂಬುದು ಅದಕ್ಕಿಂತ ಕಠಿಣವಾದ ಪ್ರಶ್ನೆ. ಹೊಸ ವರ್ಷದಂದು ಚೀನೀ ಕುಟುಂಬ ಹಿರಿಯರ ಹೆಸರಿನ ಫಲಕದ ಮುಂದೆ ದೀಪ, ಧೂಪ, ಊಟ ಇಟ್ಟು ತಲೆಬಾಗುತ್ತದೆ. ಮಹಾಲಯದಲ್ಲಿ ಎಡೆ ಇಡುವ ನಮ್ಮ ಮನೆಗಳಿಗೆ ಆ ಭಾವ ಬಿಡಿಸಿ ಹೇಳಬೇಕಿಲ್ಲ. ಅದು ಪೂಜೆಯಲ್ಲ, ಹೆತ್ತವರಿಗೆ ಸಲ್ಲಿಸುವ ಗೌರವ ಎಂಬುದು ರಿಚ್ಚಿ ಮತ್ತು ಅವರ ಹಾದಿಯಲ್ಲಿ ನಡೆದವರ ನಿಲುವು. ಬೇರೆ ಸಭೆಗಳ ಹಲವರು ಇದನ್ನು ಒಪ್ಪಲಿಲ್ಲ. 1704, 1715ರ ಆಜ್ಞೆಗಳ ಮೇಲೆ 1742ರ ಆಜ್ಞೆಯೂ ಬಂದು ರೋಮ್ ಆ ಆಚರಣೆಯನ್ನು ಖಡಾಖಂಡಿತವಾಗಿ ನಿಷೇಧಿಸಿತು. ಮೊದಲಿನ ಆಜ್ಞೆಗಳ ಹೊತ್ತಿಗೇ, ತಾನೇ ವಿವರಿಸಿ ಹೇಳಿದ ಮೇಲೂ ಪರದೇಶಿಗಳು ತನ್ನ ಜನರ ಸಂಪ್ರದಾಯಕ್ಕೆ ಅರ್ಥ ಹೇಳಲು ಬಂದರೆಂದು ಕಾಂಗ್‌ಶಿಗೆ ಸಿಟ್ಟು ಬಂತು. ಅವನ ಮಗನ ಕಾಲಕ್ಕೆ ಮತಪ್ರಚಾರಕ್ಕೇ ನಿಷೇಧ ಬಿತ್ತು.

ಚೀನೀ ಕ್ರೈಸ್ತರು ಹಬ್ಬದ ದಿನ ತಮ್ಮ ಮನೆಯಲ್ಲೇ ಪರಕೀಯರಾದರು. ಅಣ್ಣತಮ್ಮಂದಿರೆಲ್ಲ ಫಲಕದ ಮುಂದೆ ಬಾಗುವಾಗ ಒಬ್ಬ ಮಾತ್ರ ದೂರ ನಿಲ್ಲಬೇಕಾದ ನೋವು ತಲೆಮಾರುಗಳ ಕಾಲ ಉಳಿಯಿತು. 1939ರ ಡಿಸೆಂಬರಿನಲ್ಲಿ ರೋಮ್ ನಿಷೇಧ ಸಡಿಲಿಸಿತು. 1971ರ ಹೊಸ ವರ್ಷಕ್ಕೆ ತೈಪೆಯಲ್ಲಿ ಕಾರ್ಡಿನಲ್ ಯೂ ಬಿನ್ ತಾವೇ ಮುಂದೆ ನಿಂತು ಹಿರಿಯರಿಗೆ ಗೌರವ ಸಲ್ಲಿಸುವ ವಿಧಿ ನಡೆಸಿದರು. ಈಗ ತೈವಾನಿನಲ್ಲಿ ಚಾಂದ್ರಮಾನ ಹೊಸ ವರ್ಷದ ಬಲಿಪೂಜೆಯ ಜೊತೆಗೆ ಈ ವಿಧಿಯೂ ಸಾಮಾನ್ಯ. ಬಾಗಿಲಿಗೆ ಅಂಟಿಸುವ ಕೆಂಪು ಕಾಗದದ ಮೇಲೆ ಬೈಬಲ್ಲಿನ ಆಶಯದ ಜೋಡಿಸಾಲುಗಳನ್ನು ಬರೆಯುವ ಕ್ರೈಸ್ತ ಮನೆಗಳಿವೆ. 2018ರಲ್ಲಿ ಹೊಸ ವರ್ಷ ತಪಸ್ಸುಕಾಲದ ಶುಕ್ರವಾರದಂದೇ ಬಂದಾಗ ಹಲವು ಧರ್ಮಪ್ರಾಂತ್ಯಗಳ ಬಿಷಪರು ಆ ದಿನದ ಮಾಂಸವರ್ಜನೆಗೆ ವಿನಾಯಿತಿ ಕೊಟ್ಟರು. ಕುಟುಂಬ ಒಟ್ಟಾಗಿ ಊಟಕ್ಕೆ ಕೂರುವುದು ಮುಖ್ಯ ಎಂಬ ತಿಳಿವು ಇದರ ಹಿಂದಿದೆ.

ಉಳಿದ ಲೆಕ್ಕ

ಚೀನಾ ಗಣರಾಜ್ಯ 1912ರ ಜನವರಿ 1ರಂದು ಗ್ರೆಗೊರಿಯನ್ ಕ್ಯಾಲೆಂಡರನ್ನು ಒಪ್ಪಿಕೊಂಡಿತು. ಆಡಳಿತದ ಹೊಸ ವರ್ಷ ಹೀಗೆ ರಿಚ್ಚಿಯ ಗುರು ಕ್ಲಾವಿಯಸ್ ದುಡಿದ ಕ್ಯಾಲೆಂಡರಿನದಾಯಿತು. ಜನರ ಹೊಸ ವರ್ಷವಾದ ವಸಂತೋತ್ಸವಕ್ಕೆ ದಿನ ಹೇಳುವುದು ಇಂದಿಗೂ ಸೂರ್ಯನ ನಿಜಗತಿಯನ್ನು ಹಿಡಿದ, 1645ರಲ್ಲಿ ಶಾಲ್ ಜಾರಿಗೆ ತಂದ ಪದ್ಧತಿ. 2017ರಲ್ಲಿ ಚೀನಾ ಸರ್ಕಾರ ಪಂಚಾಂಗಕ್ಕೆ ರಾಷ್ಟ್ರೀಯ ಮಾನಕ ಹೊರಡಿಸಿದಾಗಲೂ ಆ ತತ್ವವೇ ಉಳಿಯಿತು. 2024ರಲ್ಲಿ ಯುನೆಸ್ಕೊ ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿಕೊಂಡದ್ದು ಇದೇ ಹಬ್ಬವನ್ನು.

ಆ ಪಾದ್ರಿಗಳು ಚೀನಾವನ್ನು ಕ್ರೈಸ್ತ ದೇಶವಾಗಿಸುವ ಕನಸಿಟ್ಟುಕೊಂಡು ಹೋದವರು. ಆ ಕನಸು ಕೈಗೂಡಲಿಲ್ಲ. ಕೈಗೂಡಿದ್ದು ಆತಿಥೇಯರ ಹಬ್ಬವನ್ನು ಸರಿಯಾದ ದಿನಕ್ಕೆ ತಂದು ನಿಲ್ಲಿಸಿದ ದುಡಿಮೆ. ಅದು ಬರೀ ಉಪಾಯವಾಗಿತ್ತು ಎನ್ನುವವರಿದ್ದಾರೆ. ಉಪಾಯವೆಂದೇ ಮೊದಲಾಗಿರಬಹುದು, ರಿಚ್ಚಿಯ ಪತ್ರದಲ್ಲಿ ಅದು ಮುಚ್ಚುಮರೆಯಿಲ್ಲದೆ ಇದೆ. ಆದರೆ ಹೊಂದಿಸಿಕೊಳ್ಳಿ ಎಂದು ಮಂತ್ರಿಗಳು ಗೋಗರೆದಾಗ ಹೊಂದಿಸಿಕೊಳ್ಳುವುದೇ ಉಪಾಯಗಾರನ ದಾರಿ. ವೆರ್ಬೀಸ್ಟ್ ಆ ದಾರಿ ಹಿಡಿಯಲಿಲ್ಲ. ತನ್ನದಲ್ಲದ ಹಬ್ಬದ ವಿಷಯದಲ್ಲೂ ಸುಳ್ಳು ಹೇಳಲು ಅವರಿಂದಾಗಲಿಲ್ಲ. ಪರದೇಶದಲ್ಲಿ ಸೇವೆಗೆ ನಿಂತವರು ಅಲ್ಲಿಯ ಜನರಿಗೆ ಸಲ್ಲಿಸಬಹುದಾದ ಗೌರವ ಇದಕ್ಕಿಂತ ದೊಡ್ಡದು ನನಗೆ ಕಂಡಿಲ್ಲ. ಹಬ್ಬದ ಲೆಕ್ಕದಲ್ಲಿ ಅವರಿಗಿದ್ದ ಈ ನಿಷ್ಠೆ ಧೂಪದ ಪ್ರಶ್ನೆಯಲ್ಲಿ ಅವರ ಧರ್ಮಪೀಠಕ್ಕೂ ಇದ್ದಿದ್ದರೆ, ಚೀನೀ ಕ್ರೈಸ್ತರ ಸುಮಾರು ಇನ್ನೂರು ಹೊಸ ವರ್ಷಗಳು ಮನೆಯವರ ಜೊತೆಯಲ್ಲೇ ಕಳೆಯುತ್ತಿದ್ದವು.